ಟ್ರೈಪಾಡಿಗೊಂದು ಗಟ್ಟಿ ತಲೆ

ಕಾನೋ ಪಟ್ಟಣದ ಕಸಾಯಿ ಮನೆತನದಲ್ಲಿ ಹುಟ್ಟಿದವನು ದಂಬೆ ಆಡದೆ ಉಳಿಯುವುದುಂಟೆ? ಒಂದು ಕೈಗೆ ಬಟ್ಟೆ ಸುತ್ತಿ, ಮೇಲೆ ಹಗ್ಗ ಬಿಗಿದು, ಆ ಒಂದೇ ಮುಷ್ಟಿಯಿಂದ ಎದುರಾಳಿಯನ್ನು ಕೆಡವುವ ಆಟ. ಯಾರ ಕೈಯೋ ಮೊಣಕಾಲೋ ಮೊದಲು ಮರಳಿಗೆ ತಾಗಿತೋ ಅವನು ಸೋತ. ಆ ಮನೆತನದ ತನಿಮು ಹಲ್ಲು ಕಳೆದುಕೊಂಡದ್ದು ದಂಬೆಯ ಕಣದಲ್ಲೇ, ಮಣಿಕಟ್ಟು ಮುರಿದುಕೊಂಡದ್ದೂ ಅಲ್ಲೇ. ಆಮೇಲೆ ಕ್ಯಾಮೆರಾ ಹಿಡಿದು ಅದೇ ಕಣದ ಅಂಚಿನಲ್ಲಿ ನಿಂತ. ಹೊಡೆಯುವ ಶಕ್ತಿ ಹೋಗಿತ್ತು, ಏಟು ನೋಡುವ ಚಟ ಹೋಗಿರಲಿಲ್ಲ.

ಕಳೆದ ಹಂಗಾಮಿನಲ್ಲಿ ಅವನ ತಮ್ಮ ಗಂಬೋ, ಮುನ್ಕೈಲ ಎಂಬವನನ್ನು ಕೆಡವಿದ. ಮೊದಲು ಬಿದ್ದವರು ಯಾರೆಂದು ತಕರಾರೆದ್ದು ಪಂಚರು ತನಿಮು ತೆಗೆದ ವಿಡಿಯೊ ಚಿತ್ರ ಕೇಳಿದರು. ಟ್ರೈಪಾಡಿನ ಮೇಲೆ ಕ್ಯಾಮೆರಾ ಕೂರಿಸುವ ಹಳೆಯ ಗುಂಡುತಲೆ ಸರಿಯಾದ ಹೊತ್ತಿಗೇ ವಾಲಿಕೊಂಡಿತ್ತು. ಚಿತ್ರದಲ್ಲಿ ಸಿಕ್ಕಿದ್ದು ಡೋಲಿನವನ ಹೊಟ್ಟೆ. ಗೆಲುವು ಮುನ್ಕೈಲನ ಪಾಲಾಯಿತು.

ಈ ಸಲ ಗಂಬೋ ಅಣ್ಣನನ್ನು ಸಬೋನ್ ಗರಿ ಪೇಟೆಯ ಕ್ಯಾಮೆರಾ ಅಂಗಡಿಗೆ ಎಳೆದುಕೊಂಡು ಹೋದ.

"ಈ ಗುಂಡುತಲೆ ತಗೊಳ್ಳಿ. ಹಗುರ, ಎತ್ತ ಬೇಕಾದ್ರೂ ತಿರುಗುತ್ತೆ," ಎಂದ ಅಂಗಡಿಯ ಇಕೆನ್ನ.

"ಅದು ತಿರುಗಿದ್ದೇ ನಮ್ಮ ಗ್ರಹಚಾರ ಕಣಯ್ಯ," ಎಂದ ಗಂಬೋ.

ತನಿಮು ಕ್ಯಾಮೆರಾ ಕೂರಿಸಿ ತಮ್ಮನಿಗೆ, "ಇವನ ಮೂಗಿಗೆ ಗುರಿಯಿಟ್ಟು ಬೀಸು, ತಾಗಿಸಬೇಡ," ಎಂದ. ಗುಂಡುತಲೆ ಸಡಿಲ ಬಿಟ್ಟರೆ ಕುಸಿಯಿತು, ಬಿಗಿದರೆ ಅಲ್ಲಾಡಲಿಲ್ಲ. ಕೊನೆಗೆ ಉದ್ದ ಹಿಡಿಯ, ಒಳಗೆ ಎಣ್ಣೆ ತುಂಬಿದ ಭಾರದ ತಲೆ ಬಂತು. ಮುಷ್ಟಿ ಹೋದತ್ತ ಕ್ಯಾಮೆರಾ ನಯವಾಗಿ ಹೋಯಿತು, ನಿಂತಲ್ಲಿ ನಿಂತಿತು.

"ಮಹಾರಾಯ್ರೇ, ಇದೇ ಒಯ್ಯಿರಿ. ನನ್ನ ಮೂಗಿನ್ನೂ ನನಗೆ ಬೇಕು," ಎಂದ ಇಕೆನ್ನ.

"ವಿಪರೀತ ಭಾರ ಕಣೋ," ಎಂದು ತನಿಮು ಗೊಣಗಿದ.

"ನಾನು ಹೊರ್ತೀನಿ ಬಾರಣ್ಣ. ಇನ್ಮೇಲೆ ಯಾವನೂ ನನ್ನ ಗೆಲುವು ಕದಿಯಕ್ಕಾಗಲ್ಲ." ಈ ಮಾತನ್ನು ಅವನು ಪೇಟೆಗೆಲ್ಲ ಸಾರಿಕೊಂಡು ಬಂದ.

ಮತ್ತೆ ಮುನ್ಕೈಲನೇ ಎದುರಾದ. ಮೊದಲ ಏಟಿಗೆ ಗಂಬೋನ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಗಂಬೋ ಕುರುಡು ರೋಷದಲ್ಲಿ ನುಗ್ಗಿ ಅವನ ದವಡೆಗೆ ಬಾರಿಸಿದ. ಮೂಳೆ ಲಟಕ್ಕೆಂದದ್ದು ತನಿಮುವಿಗೂ ಕೇಳಿಸಿತು. ಇಬ್ಬರೂ ಒಟ್ಟಿಗೆ ಉರುಳಿದರು. ಎರಡೂ ಕಡೆಯವರು ಕೋಲು ಹಿಡಿದು ಕಣಕ್ಕೆ ನುಗ್ಗಿದರು, ಒಬ್ಬನ ತಲೆ ಒಡೆಯಿತು.

ಮುಖ್ಯ ಪಂಚ ಓಡಿಬಂದ. "ತನಿಮು, ಬೇಗ ತೋರ್ಸು. ಇಲ್ಲಾಂದ್ರೆ ಇಲ್ಲಿ ಹೆಣ ಬೀಳುತ್ತೆ."

ತನಿಮು ಮೊದಲು ತಾನೇ ನೋಡಿದ. ಹೊಸ ತಲೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮುನ್ಕೈಲನ ಮೊಣಕಾಲಿಗಿಂತ ಮೊದಲು ಗಂಬೋನ ಅಂಗೈ ಮರಳಿನಲ್ಲಿ ಊರಿತ್ತು. ಹಳೆಯ ತಲೆಯೇ ಇದ್ದಿದ್ದರೆ ವಾಲಿಬಿಟ್ಟಿತು ಎಂದು ಹೇಳಿ ಪಾರಾಗಬಹುದಿತ್ತು, ಯಾರೂ ಅನುಮಾನಿಸುತ್ತಿರಲಿಲ್ಲ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟ. ಒತ್ತಲು ಮನಸ್ಸು ಬರಲಿಲ್ಲ. ತನ್ನ ಕೈ ಮುರಿದ ದಿನವೂ ಆ ಕಣದಲ್ಲಿ ಅವನು ಸುಳ್ಳು ಹೇಳಿದವನಲ್ಲ.

"ಮೊದಲು ಬಿದ್ದವನು ನಮ್ಮ ಗಂಬೋ," ಎಂದ.

ಹಗ್ಗ ಬಿಗಿದ ಮುಷ್ಟಿ ಅವನ ಕೆನ್ನೆಗೆ ಬಿತ್ತು. ತಮ್ಮನದೇ ಮುಷ್ಟಿ. ಎರಡನೆಯ ಏಟಿಗೆ ಮೊದಲು ಜನ ಹಿಡಿದುಕೊಂಡರು. ತನಿಮುವಿಗೆ ಸಿಟ್ಟು ಬರಲಿಲ್ಲ. ರಕ್ತ ಉಗುಳಿ, ತಮ್ಮನ ಹುಬ್ಬಿಗೆ ಕಟ್ಟಲು ಬಟ್ಟೆ ಹುಡುಕಿದ.

ಗಾಯಗಳೇನೋ ಮಾಗಿದವು. ಈಗಲೂ ಇಬ್ಬರೂ ಒಂದೇ ಅಂಗಳದಲ್ಲಿ ಉಣ್ಣುತ್ತಾರೆ. ಆದರೆ ಗಂಬೋ ಅವನನ್ನು ಅಣ್ಣ ಎಂದು ಕರೆಯುವುದಿಲ್ಲ. "ಕ್ಯಾಮೆರಾದವನೇ, ಆ ನೀರು ಇತ್ತ ಕೊಡು," ಎನ್ನುತ್ತಾನೆ. ತನಿಮು ಕೊಡುತ್ತಾನೆ.