ಪೈಪಿನೊಳಗಿನ ಹದಿನೆಂಟು ಬಿಂದಿಗೆ

ಲೆಕ್ಕದಲ್ಲಿ ನಾನು ತಪ್ಪಿದವಳಲ್ಲ. ಜಂಬ ಅಂದುಕೊಂಡರೂ ಸರಿಯೇ, ಮೊದಲೇ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಸ್ಕೂಲಿಗೇ ಮೊದಲು ಬಂದವಳು ನಾನು. ಫಲಿತಾಂಶ ಬಂದ ಎರಡು ತಿಂಗಳಿಗೆ ಮದುವೆ ಮಾಡಿ ಅಲಸೂರಿಗೆ ಕಳಿಸಿಬಿಟ್ಟರು. ಅಲ್ಲಿ ನನ್ನ ಲೆಕ್ಕಕ್ಕೆ ಸಿಕ್ಕಿದ ಕೆಲಸವೆಂದರೆ ಅಗಸನಿಗೆ ಹಾಕುವ ಬಟ್ಟೆ ಎಣಿಸುವುದು. ವೃತ್ತದ ಕ್ಷೇತ್ರಫಲ ಕಲಿತ ತಲೆ ದಿಂಬಿನ ಗವಸು ಎಣಿಸುತ್ತ ಎಷ್ಟು ದಿನ ಕೂತೀತು? ಏನಾದರೊಂದನ್ನು ಮೈಮೇಲೆ ಎಳೆದುಕೊಳ್ಳುತ್ತದೆ. ನಾನು ಎಳೆದುಕೊಂಡದ್ದು ನೀರಿನ ಪೈಪನ್ನು.

ನಮ್ಮ ಬೀದಿ ಕೆರೆಯ ಕಡೆಗೆ ಇಳಿಜಾರು. ಇಡೀ ಬೀದಿಯಲ್ಲಿ ನಲ್ಲಿ ಇದ್ದದ್ದು ಎರಡೇ ಮನೆಗೆ: ಮೇಲಿನ ತುದಿಯ ಮನೆಗೆ ಮತ್ತು ಕಟ್ಟಕಡೆಯ ನಮ್ಮ ಮನೆಗೆ. ಉಳಿದವರೆಲ್ಲ ದೊಡ್ಡ ರಸ್ತೆಯ ಬೀದಿನಲ್ಲಿಗೆ ಬಿಂದಿಗೆ ಹೊತ್ತು ಹೋಗುತ್ತಿದ್ದರು. ಯುದ್ಧದ ಕಾಲ. ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಸೋಲ್ಜರುಗಳು ಬಂದಿಳಿದಷ್ಟೂ ನಮ್ಮ ನಲ್ಲಿಯ ನೀರು ಸಣ್ಣಗಾಗುತ್ತ ಹೋಗಿ, ಕಡೆಗೆ ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ ಎಂದಾಯಿತು. ಎಂಟಕ್ಕೆ ಸರಿಯಾಗಿ ನೀರಿನವನು ಬಂದು ಬೀದಿಯ ತಲೆಯಲ್ಲಿ ಕೀಲಿ ತಿರುಗಿಸಿಬಿಡುತ್ತಿದ್ದ. ಮೇಲ್ಮನೆಗೆ ಅಲ್ಲಿಗೆ ನೀರು ಬಂದ್. ನಮ್ಮ ಮನೆಗೆ ಮಾತ್ರ ಆಮೇಲೂ ಸ್ವಲ್ಪ ಹೊತ್ತು ಬರುತ್ತಿತ್ತು. ಪೈಪಿನಲ್ಲಿ ಉಳಿದ ನೀರು ಇಳಿಜಾರಿಗೆ ಇಳಿದು ಬರುತ್ತಿತ್ತು, ಅಷ್ಟೆ. ಇದನ್ನು ನಮ್ಮತ್ತೆ ದೇವರ ದಯೆ ಎನ್ನುತ್ತಿದ್ದರು. ಮೇಲ್ಮನೆಯ ಪಾಟಿ ಕಳ್ಳತನ ಎನ್ನುತ್ತಿದ್ದರು.

ಪಾಟಿ ಎಂದರೆ ತಮಿಳರಲ್ಲಿ ಅಜ್ಜಿ. ಬೀದಿಗೆಲ್ಲ ಅವರು ಪಾಟಿಯೇ. ಒಂಟಿ ಹೆಂಗಸು, ಸಣ್ಣ ಆಳು, ದೊಡ್ಡ ಗಂಟಲು. ಒಂದು ದಿನ ನಮ್ಮ ಬಾಗಿಲಿಗೇ ಬಂದು ನಿಂತರು.

“ಎಂಟು ಗಂಟೆಗೆ ನನ್ನ ನಲ್ಲಿ ನಿಂತೋಗತ್ತೆ. ನಿಂದು ಮಾತ್ರಂ ಹೆಂಗಮ್ಮಾ ಬರ್ತದೆ? ನನ್ನ ಮನೆ ಮುಂದೆ ಹೋಗೋ ನೀರು ತಾನೇ ಅದು?”

“ಬಂದ್ರೆ ಎರಡು ಚೆಂಬು ಬರತ್ತೆ ಪಾಟಿ. ಅದಕ್ಕೆ ಇಷ್ಟು ಗಲಾಟೆಯಾ?” ಎಂದರು ನಮ್ಮತ್ತೆ.

ಎರಡು ಚೆಂಬು ಎಂದದ್ದು ಹಸಿ ಸುಳ್ಳು. ನಾನು ಸುಮ್ಮನಿರಬಹುದಿತ್ತು. ಆದರೆ ವಾದವೆಂದ ಮೇಲೆ ಅಂಕಿ ಇರಬೇಕು ಎಂಬುದು ನನ್ನ ಹುಟ್ಟುಗುಣ. ಮೋರಿ ದಾಟುವಲ್ಲಿ ಪೈಪು ಹೊರಗೆ ಕಾಣುತ್ತಿತ್ತು. ಅದಕ್ಕೊಂದು ದಾರ ಸುತ್ತಿ ಅಳೆದೆ. ಸುತ್ತಳತೆ ಏಳೂವರೆ ಇಂಚು, ಕಬ್ಬಿಣದ ದಪ್ಪ ಕಳೆದರೆ ಒಳಗಿನ ಅಗಲ ಎರಡು ಇಂಚು. ಉದ್ದ ಅಳೆಯುವ ಕೆಲಸವನ್ನು ಭಾನುವಾರ ನಮ್ಮೆಜಮಾನರಿಗೆ ಒಪ್ಪಿಸಿದೆ.

ಅವರು ದಂಡಿನ ಉಗ್ರಾಣವೊಂದರಲ್ಲಿ ಗುಮಾಸ್ತರು. ಹೆಂಡತಿಗೆ ಎದುರಾಡುವುದೂ ಗೊತ್ತಿಲ್ಲ, ಅಮ್ಮನಿಗೆ ಎದುರಾಡುವುದೂ ಗೊತ್ತಿಲ್ಲ. ಹಿಮ್ಮಡಿಗೆ ಹೆಬ್ಬೆರಳು ತಾಕಿಸುತ್ತ, ಬಾಯಲ್ಲಿ ಎಣಿಸುತ್ತ, ಬೀದಿಯ ಮೇಲಿನ ತುದಿಯಿಂದ ನಡೆದು ಬಂದರು. ದಂಡಿನಲ್ಲಿ ಕೆಲಸ ಮಾಡುವ ಮನುಷ್ಯ ಬೀದಿ ಅಳೆಯುತ್ತಿದ್ದಾನೆ ಎಂದರೆ ಜನ ಏನು ತಿಳಿಯಬೇಕು? ಊಟದ ಹೊತ್ತಿಗೆ ಇಡೀ ಬೀದಿಯನ್ನು ಸೋಲ್ಜರುಗಳಿಗೆ ಕೊಡುತ್ತಾರಂತೆ ಎಂದು ಸುದ್ದಿಯಾಗಿ, ಒಬ್ಬರು ಹಿತ್ತಲಿನ ನಿಂಬೆಗಿಡವನ್ನು ಕಿತ್ತು ಕುಂಡಕ್ಕೆ ಹಾಕಿಯೂ ಬಿಟ್ಟಿದ್ದರು. ಪಾಟಿ ನಮ್ಮವರನ್ನು ತಡೆದು ನಿಲ್ಲಿಸಿ ಕೇಳಿದರು. ಈ ಮಹಾರಾಯರು ಇದ್ದದ್ದು ಇದ್ದಹಾಗೆ ಹೇಳಿಬಿಟ್ಟರು: “ಪೈಪಲ್ಲಿ ಎಷ್ಟು ನೀರು ಉಳಿಯತ್ತೆ ಅಂತ ನಮ್ಮನೇಲಿ ಲೆಕ್ಕ ಹಾಕ್ತಿದಾಳೆ ಪಾಟಿ.”

ನಾನೂರ ಎಂಬತ್ತು ಪಾದ, ಅವರ ಪಾದ ಹತ್ತು ಇಂಚು, ಅಂದರೆ ನಾನೂರು ಅಡಿ. ವ್ಯಾಸದ ಅರ್ಧವನ್ನು ಅದರಿಂದಲೇ ಗುಣಿಸಿ, ಇಪ್ಪತ್ತೆರಡರಿಂದ ಗುಣಿಸಿ, ಏಳರಿಂದ ಭಾಗಿಸಿ, ಉದ್ದದಿಂದ ಗುಣಿಸಿದೆ. ಎಂಟೂಮುಕ್ಕಾಲು ಘನ ಅಡಿಗೆ ಕೂದಲೆಳೆ ಕಮ್ಮಿ. ಗ್ಯಾಲನ್ನಿಗೆ ತಿರುಗಿಸಿದರೆ ಐವತ್ನಾಲ್ಕೂವರೆ. ನಮ್ಮ ಬಿಂದಿಗೆಗೆ ಮೂರು ಗ್ಯಾಲನ್ ಹಿಡಿಯುತ್ತಿತ್ತು. ಹದಿನೆಂಟು ಬಿಂದಿಗೆ! ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು, ಅಡಿಗೆರೆ ಎಳೆದು, ಸಂತೋಷ ತಡೆಯಲಾರದೆ ಜೋರಾಗಿ ಓದಿದೆ. ಉತ್ತರ ಕೇಳಲೆಂದೇ ಬಂದ ಪಾಟಿ ಬಾಗಿಲಲ್ಲೇ ನಿಂತಿದ್ದರು.

“ದಿನಾ ಹದಿನೆಂಟು ಬಿಂದಿಗೆಯಾ? ಕಡವುಳೇ, ದೇವರೇ! ನಾನು ಎರಡೋ ಮೂರೋ ಅಂದ್ಕೊಂಡಿದ್ನಲ್ಲಮ್ಮಾ!”

ಪಾಟಿ ಹೋದಮೇಲೆ ಅತ್ತೆ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. “ಓದ್ಸಿದ್ದು ಸಾರ್ಥಕ ಆಯ್ತು ನಿಮ್ಮಪ್ಪಂಗೆ. ಕಳ್ಳನ ಮನೆಯವಳೇ ಕದ್ದಿದ್ದು ಎಣಿಸಿ ಕೊಟ್ಟಹಾಗಾಯ್ತು,” ಎಂದರು.

ಇದಾದ ನಾಲ್ಕನೇ ದಿನ ನೀರಿನವನು ಬೀದಿಯಲ್ಲಿ ಕೂಗಿಕೊಂಡು ಹೋದ: ದೊಡ್ಡ ಪೈಪು ರಿಪೇರಿ, ನಾಳಿದ್ದು ನೀರಿಲ್ಲ. ಆ ನಾಳಿದ್ದೇ ನಮ್ಮ ನಾದಿನಿಯನ್ನು ನೋಡಲು ಹೊಸಕೋಟೆಯ ಕಡೆಯಿಂದ ಗಂಡಿನವರು ಬರುವವರಿದ್ದರು. ಹನ್ನೆರಡು ಜನ, ಊಟಕ್ಕೆ. ಇದಕ್ಕೆ ಮುಂಚೆ ಎರಡು ಕಡೆಯವರು ಬಂದು ಹೋಗಿದ್ದರು. ಒಬ್ಬರು ಬಣ್ಣ ಕಮ್ಮಿ ಎಂದರು, ಇನ್ನೊಬ್ಬರು ಉಪ್ಪಿಟ್ಟು ತಿಂದು ಹೋದವರು ಪತ್ತೆಯೇ ಇಲ್ಲ. ನಾದಿನಿಗೆ ಇಪ್ಪತ್ತು ನಡೆಯುತ್ತಿತ್ತು. ಬಾಯಿಬಿಟ್ಟು ಹೇಳುವವಳಲ್ಲ. ಆದರೆ ಈ ಗಂಡಿನ ಫೋಟೋವನ್ನು ಅವಳು ಅಕ್ಕಿಯ ಡಬ್ಬದ ಹಿಂದಿಟ್ಟು ದಿನಕ್ಕೆ ನಾಲ್ಕು ಸಲ ಅಕ್ಕಿ ಆರಿಸುತ್ತಿದ್ದುದನ್ನು ನಾನು ಕಂಡಿದ್ದೆ.

“ಗಾಡೀಲಿ ಸಿಹಿನೀರು ತರ್ಸೋಣ, ಇವತ್ತೇ ಹೇಳಿ ಕಳ್ಸು,” ಎಂದು ಅತ್ತೆ ಮಗನಿಗೆ ಹೇಳಿದರು. ಪಕ್ಕದ ಬೀದಿಯಲ್ಲೊಂದು ಬಾವಿಯಿತ್ತು. ಆದರೆ ಅದರ ಉಪ್ಪುನೀರಿನಲ್ಲಿ ಬೇಳೆ ಮೂರು ದಿನ ಕುದಿಸಿದರೂ ಬೇಯದು.

“ಗಾಡಿ ಯಾಕೆ ಅತ್ತೆ? ನಾಳೆ ನೀರು ನಿಂತಮೇಲೆ ನಾವು ನಲ್ಲಿ ತೆಗೆಯೋದೇ ಬೇಡ. ಹದಿನೆಂಟು ಬಿಂದಿಗೆ ಪೈಪಲ್ಲೇ ಇರತ್ತೆ, ಬೀಗ ಹಾಕಿಟ್ಟಹಾಗೆ. ನಾಳಿದ್ದು ಬೆಳಿಗ್ಗೆ ಹಿಡ್ಕೊಂಡ್ರಾಯ್ತು,” ಎಂದೆ ನಾನು.

ಅತ್ತೆ ನಂಬಲಿಲ್ಲ. ನಾದಿನಿ ನಂಬಿದಳು. “ಅತ್ತಿಗೆ ಹೇಳಿದ್ಮೇಲೆ ಸರಿಯಾಗೇ ಇರತ್ತೆ ಬಿಡಮ್ಮಾ,” ಎಂದಳು. ಗಾಡಿ ಹೇಳಲಿಲ್ಲ.

ಮರುದಿನ ಸಂಜೆ ಹೂವಿಗೆಂದು ಹೋಗುವಾಗ ಪಾಟಿಯ ಅಂಗಳದಲ್ಲಿ ಒಂದು ತಮಾಷೆ ಕಂಡೆ. ಯಾವಾಗಲೂ ಅವರು ನಲ್ಲಿಯನ್ನು ತೆರೆದೇ ಬಿಡುತ್ತಿದ್ದರು. ನೀರು ಬಂದರೆ ಸದ್ದಾಗಲಿ ಎಂದು ಎಲ್ಲರೂ ಮಾಡುವ ಅಭ್ಯಾಸವೇ ಅದು. ಅವತ್ತು ನೋಡಿದರೆ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, ಮೂತಿಗೆ ಬಟ್ಟೆ ತುರುಕಿ, ಮೇಲೆ ಹಗ್ಗ ಸುತ್ತಿದ್ದಾರೆ.

“ಏನ್ ಪಾಟಿ ಇದು, ನಲ್ಲಿಗೆ ಹಲ್ಲುನೋವಾ?”

“ನನ್ನ ನಲ್ಲಿ ನಾನು ಮುಚ್ಕೋತೀನಿ. ಇಲ್ಲಿ ಮುಚ್ಚಿದ್ರೆ ಅಲ್ಲಿಗೆ ನೀರು ಹೆಂಗೆ ಹೋಗತ್ತೆ, ನೋಡ್ತೀನಿ!”

ನನಗೆ ನಗು ತಡೆಯಲಾಗಲಿಲ್ಲ. ನಲ್ಲಿಯ ಬಾಯಿ ಮುಚ್ಚಿದರೆ ನೆಲದೊಳಗಿನ ಪೈಪಿನ ನೀರು ನಿಲ್ಲುತ್ತದೆಯೇ? ಮನೆಗೆ ಬಂದು ಎಲ್ಲರ ಮುಂದೆ ಪಾಟಿಯ ಹಾಗೆ ಮೂಗೇರಿಸಿ ಹೇಳಿ ತೋರಿಸಿದೆ. ಅತ್ತೆಯೂ ನಕ್ಕರು.

ಬೆಳಿಗ್ಗೆ ಆರಕ್ಕೆ ಬಾವಿಯ ಉಪ್ಪುನೀರಿನಲ್ಲಿ ಸ್ನಾನ ಮಾಡಿ, ಬಿಂದಿಗೆಗೆ ಅರಿಸಿನ ಹಚ್ಚಿ, ನಲ್ಲಿ ತಿರುಗಿಸಿದೆ. ಎರಡು ಚೆಂಬು ನೀರು ಸುರಿಯಿತು. ಆಮೇಲೆ ಗುಳುಕ್ ಎಂದಿತು. ಮತ್ತೆ ಗುಳುಕ್. ಆಮೇಲೆ ತೊಟ್ಟು ತೊಟ್ಟು. ನಲ್ಲಿಯನ್ನು ಬಡಿದೆ, ಊದಿದೆ, ಬಯ್ದೆ. ಗೋಡೆಯ ಮೇಲಿನ ಲೆಕ್ಕವನ್ನು ಮೊದಲಿನಿಂದ ತಾಳೆ ನೋಡಿದೆ, ಎಲ್ಲೂ ತಪ್ಪಿಲ್ಲ. ಪೈಪಿನಲ್ಲಿ ನೀರಿದೆ, ಬರುವುದಿಲ್ಲ! ತೊಟ್ಟಿಕ್ಕಿ ಒಂದು ಬಿಂದಿಗೆ ತುಂಬುವುದರೊಳಗೆ ಎಂಟು ಗಂಟೆಯಾಯಿತು. ಬೇಳೆ ತೊಳೆದು ಕೂತ ನಾದಿನಿ, “ಅತ್ತಿಗೆ, ಬರತ್ತೆ ತಾನೇ?” ಎಂದು ಮೂರನೆಯ ಸಲ ಕೇಳಿದಾಗ ನನಗೆ ಅವಳ ಮುಖ ನೋಡಲಾಗಲಿಲ್ಲ. ಆ ಹೊತ್ತಿನಲ್ಲಿ ಗಾಡಿಯವನು ಎಲ್ಲಿ ಸಿಗಬೇಕು? ನನ್ನ ಜಂಬಕ್ಕೆ ಆ ಹುಡುಗಿಯ ಮದುವೆ ಮುರಿಯುತ್ತದಲ್ಲ ಎಂದುಕೊಳ್ಳುತ್ತ ಮತ್ತೊಮ್ಮೆ ನಲ್ಲಿ ತಿರುಗಿಸಿದೆ.

ಆಗ ಅತ್ತೆ, ಅಕ್ಷರ ಕಲಿಯದ ನಮ್ಮತ್ತೆ, ನಲ್ಲಿಯ ಗುಳುಕ್ ಶಬ್ದಕ್ಕೆ ಕಿವಿಕೊಟ್ಟು ಕೇಳಿದರು: “ಏನಮ್ಮಾ, ಸೀಮೆಎಣ್ಣೆ ಡಬ್ಬಕ್ಕೆ ಅಂಗಡಿಯೋನು ಎರಡು ತೂತು ಯಾಕೆ ಹೊಡೀತಾನೆ?”

“ಒಂದೇ ತೂತಾದ್ರೆ ಎಣ್ಣೆ ಬರಲ್ಲ ಅತ್ತೆ. ಇನ್ನೊಂದ್ರಲ್ಲಿ ಗಾಳಿ ಹೋಗ್ಬೇಕು...” ಎಂದವಳು ಅಲ್ಲೇ ನಿಂತುಬಿಟ್ಟೆ.

ಎರಡನೆಯ ತೂತು ಪಾಟಿಯ ಅಂಗಳದಲ್ಲಿತ್ತು. ಅದಕ್ಕೆ ಬಟ್ಟೆ ತುರುಕಿತ್ತು. ನಾನು ನಕ್ಕ ಮಾತೇ ಸರಿಯಾಗಿತ್ತು: ಅಲ್ಲಿ ಮುಚ್ಚಿದರೆ ಇಲ್ಲಿಗೆ ನೀರು ಬರುವುದಿಲ್ಲ.

ಸೆರಗು ಸಿಕ್ಕಿಸಿಕೊಂಡು ಬೀದಿ ಹತ್ತಿ ಓಡಿದೆ. ಪಾಟಿ ರಂಗೋಲಿ ಹಾಕುತ್ತಿದ್ದರು.

“ಪಾಟಿ, ನಿಮ್ಮ ನಲ್ಲಿ ಸ್ವಲ್ಪ ತೆಗೀರಿ. ನಿಮ್ಮ ದಮ್ಮಯ್ಯ.”

“ಯಾಕೆ? ನಿಂಗೆ ನೀರು ಬರಲಿಲ್ವಾ?”

“ಇಲ್ಲ.”

“ಹಾಗಾದ್ರೆ ನಾನು ಹೇಳಿದ್ದು ಸರಿ?”

“ಸರಿ.”

“ಇನ್ನೊಂದು ಸಲ ಹೇಳು.”

“ನೀವು ಹೇಳಿದ್ದೇ ಸರಿ ಪಾಟಿ. ನಂಗೇ ಗೊತ್ತಾಗಲಿಲ್ಲ. ಇವತ್ತು ನಮ್ಮ ಹುಡುಗೀನ ನೋಡೋಕೆ ಬರ್ತಿದಾರೆ. ಮನೇಲಿ ಇರೋದು ಒಂದೇ ಬಿಂದಿಗೆ ನೀರು.”

ಪಾಟಿಯ ಕೈಯಿಂದ ರಂಗೋಲಿ ಡಬ್ಬ ಕೆಳಗೆ ಬಿತ್ತು. “ಅಯ್ಯೋ, ಮೊದಲೇ ಹೇಳಬಾರ್ದಾ ಹುಡುಗೀ! ನನ್ನ ಜಗಳ ನಿನ್ನ ಅತ್ತೆ ಜೊತೆ. ಆ ಮಗು ಏನು ಮಾಡಿತ್ತು?” ಎನ್ನುತ್ತ ಹಗ್ಗ ಬಿಚ್ಚಿ, ಬಟ್ಟೆ ಎಳೆದು, ನಲ್ಲಿ ತಿರುಗಿಸಿದರು. ನಲ್ಲಿ ಬುಸ್ಸೆಂದಿತು. ನೀರು ಬರಲಿಲ್ಲ, ಗಾಳಿ ಒಳಗೆ ಹೋಯಿತು. ಏನೆಂದು ನೋಡಲು ಪಾಟಿ ಅಂಗೈ ಇಟ್ಟರು. ಕೈ ಕಚ್ಚಿಕೊಂಡಿತು. “ಎಳೀತಿದೆ! ಒಳಗೆ ಯಾರೋ ಇದಾರೆ!” ಎಂದು ಕಿರುಚಿ ಕೈ ಕಿತ್ತುಕೊಂಡರು. ಕೆಳಗಿನಿಂದ ನಾದಿನಿಯ ಕೂಗು ಕೇಳಿಸಿತು: “ಅತ್ತಿಗೇ, ಬಂತೂ!”

“ನೀವು ನೀರು ಹಿಡಿದಾಗೆಲ್ಲ ಇದು ಹಿಂಗೇ ಬುಸ್ ಅಂತದಾ?” ಎಂದು ಪಾಟಿ ಕೇಳಿದರು.

“ಹೂಂ ಪಾಟಿ. ಒಂದೊಂದು ಬಿಂದಿಗೆಗೂ ಒಂದೊಂದು ಸಲ. ನಾನು ಬಂದು ಹೇಳೋವರೆಗೂ ಮುಚ್ಚಬೇಡಿ,” ಎಂದವಳೇ ಕೆಳಗೆ ಓಡಿದೆ.

ಆಮೇಲಿನದು ಹಬ್ಬ. ಗಂಡಿನವರ ಬಸ್ಸು, ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲಿನಿಂದ ಓಡುತ್ತಿದ್ದಂಥದು, ಏದುಸಿರು ಬಿಡುತ್ತ ಒಂದು ಗಂಟೆ ತಡವಾಗಿ ಬಂದದ್ದೂ ಒಳ್ಳೆಯದೇ ಆಯಿತು, ಬೇಳೆ ಬೆಂದಿತು. ಕಾಲಿಗೆ ನೀರು, ಕೈಗೆ ನೀರು, ಕುಡಿಯಲು ನೀರು, ಕಾಫಿಗೆ ನೀರು. ಗಂಡಿನ ತಾಯಿ, “ಈ ದಂಡಿನ ಕಡೆ ನೀರಿಗೆ ಬಲು ಕಷ್ಟ ಅಂತಾರೆ, ನಿಮ್ಮನೇಲಿ ಧಾರಾಳವಾಗಿದೆಯಲ್ಲ,” ಎಂದರು. ಈಗ ಅತ್ತೆ ನನ್ನ ಲೆಕ್ಕದ ಹೆಸರೆತ್ತುತ್ತಾರೆ ಎಂದು ನಾನು ಕಾಫಿಲೋಟ ಹಿಡಿದು ಬಾಗಿಲಲ್ಲೇ ನಿಂತೆ. “ಮೇಲ್ಮನೆಯವರ ಉಪಕಾರ,” ಎಂದರು ಅತ್ತೆ. ನನಗೆ ಚುರುಕ್ಕೆಂದಿತು. ಸುಳ್ಳೇನಲ್ಲವಲ್ಲ ಎಂದುಕೊಂಡು ಒಳಗೆ ಹೋದೆ. ಗಂಡಿನವರು ಅಲ್ಲೇ ಒಪ್ಪಿ, ಹೂವು ಮುಡಿಸಿ ಹೊರಟರು.

ಅವರನ್ನು ಬಸ್ಸು ಹತ್ತಿಸಿ, ಎಂಜಲೆಲೆ ತೆಗೆದು, ನಾವು ಹೆಂಗಸರು ಊಟಕ್ಕೆ ಕೂತಾಗ ನಾಲ್ಕು ಗಂಟೆ ದಾಟಿತ್ತು. ಮೊದಲ ತುತ್ತು ಬಾಯಿಗಿಡುವಾಗ ನೆನಪಾಯಿತು: ಪಾಟಿಗೆ ಹೇಳಿಲ್ಲ. ಊಟಕ್ಕೆ ಕರೆದೂ ಇಲ್ಲ. ಅತ್ತೆ ನನ್ನ ಮುಖ ನೋಡಿಯೇ ತಿಳಿದುಕೊಂಡರು. ತಮ್ಮ ಎಲೆ ಬಿಟ್ಟೆದ್ದು ಇನ್ನೊಂದು ಎಲೆಗೆ ಅನ್ನ, ಹುಳಿ, ಪಾಯಸ ಎಲ್ಲ ತಾವೇ ಬಡಿಸಿ ನನ್ನ ಕೈಗಿತ್ತರು.

ಪಾಟಿ ನಲ್ಲಿಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ಒಲೆ ಹಚ್ಚಿದ ಗುರುತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: “ಒಪ್ಪಿದ್ರಾ?”

“ಒಪ್ಪಿದ್ರು ಪಾಟಿ. ಹೂವು ಮುಡಿಸಿ ಹೋದ್ರು.”

ಅವರು ಕಣ್ಣು ಮುಚ್ಚಿ ಕೈಮುಗಿದರು. ಆಮೇಲೆ ಪಕ್ಕದಲ್ಲಿದ್ದ ಹುಣಸೆಬೀಜದ ಸಾಲನ್ನು ತೋರಿಸಿದರು. ನಲ್ಲಿ ಬುಸ್ಸೆಂದಾಗಲೆಲ್ಲ ಒಂದೊಂದು ಬೀಜ ಇಟ್ಟಿದ್ದರು.

“ಹದಿನೇಳೇ ಆಗಿದೆ ನೋಡು. ನಿನ್ನ ಲೆಕ್ಕಂ ಹದಿನೆಂಟು ತಾನೇ? ನಿಮ್ಮದು ಇನ್ನೊಂದು ಬಿಂದಿಗೆ ಬಾಕಿ ಇದೆ. ಅದು ಹೋಗೋ ಮುಂಚೆ ನಾನು ಮುಚ್ಚಿಬಿಟ್ರೆ, ಪಾಟಿ ಒಂದು ಬಿಂದಿಗೆ ಹಿಡ್ಕೊಂಡ್ಳು ಅಂತ ನಾಳೆ ನಿನ್ನ ಅತ್ತೆ ಹೇಳಬಾರ್ದು. ಅದಕ್ಕೇ ಕೂತಿದೀನಿ.”

ಎಂಟು ಗಂಟೆಯಿಂದ ಕೂತಿದ್ದರು. ಹೊಟ್ಟೆಗೇನೂ ಹಾಕಿಕೊಳ್ಳದೆ. ಆ ಇನ್ನೊಂದು ಬಿಂದಿಗೆ ಎಲ್ಲಿ ಹೋಯಿತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಬೆಳಿಗ್ಗೆ ಪಾಟಿ ತಮ್ಮ ನಲ್ಲಿ ತೆರೆಯುವ ಮೊದಲೇ, ಬುಸ್ಸೆನ್ನದೆ, ತೊಟ್ಟಿಕ್ಕಿ ತುಂಬಿದ ಬಿಂದಿಗೆ. ಹದಿನೇಳು ಮತ್ತೊಂದು ಹದಿನೆಂಟು. ನನ್ನ ಲೆಕ್ಕ ಕರಾರುವಾಕ್ಕಾಗಿತ್ತು. ಅದನ್ನು ಬಿಡಿಸಿ ಹೇಳಲು ಬಾಯಿ ತೆರೆದೆ. ಆಮೇಲೆ ಎಲೆಯನ್ನು ಅವರ ಮುಂದಿಟ್ಟೆ.

“ಇಲ್ಲ ಪಾಟಿ,” ಎಂದೆ. “ನನ್ನ ಲೆಕ್ಕ ತಪ್ಪಾಗಿತ್ತು. ಪೈಪಲ್ಲಿ ಇದ್ದಿದ್ದೇ ಹದಿನೇಳು.”

“ನಂಗೆ ಆವತ್ತೇ ಅನುಮಾನಂ ಇತ್ತು,” ಎಂದು ಪಾಟಿ ನಲ್ಲಿ ಮುಚ್ಚಿ, ಎಲೆಯನ್ನು ಹತ್ತಿರ ಎಳೆದುಕೊಂಡರು.