ಆಲ್‌ಮೋಸ್ಟ್ ಸಿದ್ದಮ್ಮ

ಮಾಗಡಿಯ ಹೆರಿಗೆ ವಾರ್ಡಿನ ಆಯಾ ಸಿದ್ದಮ್ಮನಿಗೆ ಬರುತ್ತಿದ್ದದ್ದು ಒಂದೇ ಒಂದು ಇಂಗ್ಲಿಷ್ ಮಾತು: ಆಲ್‌ಮೋಸ್ಟ್. ಕಲಿಸಿದವರು ಹಿಂದಿದ್ದ ಡಾಕ್ಟರಮ್ಮ. ಇನ್ನೇನು ಆಗಿಯೇ ಹೋಯಿತು, ಒಂಚೂರು ಬಾಕಿ ಎಂದು ಅದರರ್ಥ. ಆದರೆ ಸಿದ್ದಮ್ಮ ಮಹಾ ಘಾಟಿ! ನೋವು ಈಗಷ್ಟೇ ಶುರುವಾದವಳಿಗೂ ಸೊಂಟ ನೀವುತ್ತಾ "ಆಲ್‌ಮೋಸ್ಟ್ ಕಣವ್ವ, ಆಲ್‌ಮೋಸ್ಟ್" ಅನ್ನುವಳು. ಕನ್ನಡದಲ್ಲಿ "ಇನ್ನೇನಾಯ್ತು" ಅಂದರೆ ಯಾರು ನಂಬುತ್ತಾರೆ? ಇಂಗ್ಲಿಷಿನಲ್ಲಿ ಅಂದರೆ ಡಾಕ್ಟರೇ ಹೇಳಿದಷ್ಟು ಧೈರ್ಯ.

ಮನೆಯಲ್ಲಿ ಮಾತ್ರ ಆ ಮಾತಿಗೆ ಮೂರು ಕಾಸಿನ ಬೆಲೆಯಿರಲಿಲ್ಲ. "ಅವ್ವಾ, ಮುದ್ದೆ ಆಯ್ತಾ?" ಅಂದರೆ "ಆಲ್‌ಮೋಸ್ಟ್" ಎಂಬ ಉತ್ತರ. ನೋಡಿದರೆ ಒಲೆಯನ್ನೇ ಹಚ್ಚಿರುತ್ತಿರಲಿಲ್ಲ. ಮಗಳು ಶಿವಲಿಂಗಮ್ಮ ಅದನ್ನು ಕೇಳಿಕೊಂಡೇ, ಹಸಿದುಕೊಂಡೇ ಬೆಳೆದವಳು.

ಈಗ ಅದೇ ಶಿವಲಿಂಗಮ್ಮ ಅದೇ ವಾರ್ಡಿನ ಮಂಚದ ಮೇಲಿದ್ದಳು. ಚೊಚ್ಚಲ ಹೆರಿಗೆ, ನಿನ್ನೆಯಿಂದ ನೋವು. ಮಗುವಿನ ಎದೆಬಡಿತ ಏರುಪೇರಾಗುತ್ತಿದೆ, ತಾಯಿ ಕೈಚೆಲ್ಲಿದರೆ ಕಷ್ಟ ಎಂದು ಡಾಕ್ಟರು ಪಿಸುಗುಟ್ಟಿದ್ದರು. ತೀರಾ ಕೈಮೀರಿದರೆ ಬೆಂಗಳೂರಿಗೆ ಒಯ್ಯಲು ವ್ಯಾನು ಹೊರಗೆ ನಿಂತಿತ್ತು. ದಾರಿಯಲ್ಲಿ ಏನಾದರೂ ಆದರೆ? ಅಯ್ಯೋ ಶಿವನೇ! ಸಿದ್ದಮ್ಮ ಮಗಳ ಸೊಂಟ ನೀವತೊಡಗಿದಳು.

"ಆಲ್‌ಮೋಸ್ಟ್ ಕಣೇ ಶಿವಿ..."

"ಮುಚ್ಚವ್ವಾ ಬಾಯಿ!" ಮಗಳು ಅರಚಿದಳು. "ನಂಗೂ ಅದೇ ಸುಳ್ಳು ಹೇಳ್ತೀಯಾ? ಇನ್ನೂ ಎಷ್ಟೈತೆ, ನಿಜ ಹೇಳು."

ನಿಜ ಹೇಳಿ ಹುಡುಗಿ ಎದೆಗುಂದಿದರೆ? ಸುಳ್ಳು ಹೇಳಿದರೆ ಇನ್ನು ಯಾವ ಮಾತನ್ನೂ ನಂಬಲಾರಳು.

"ಇನ್ನೂ ಬಾಳ ಐತೆ ಕಣವ್ವ," ಎಂದಳು ಸಿದ್ದಮ್ಮ. "ಈಗ್ಲೇ ತಿಣುಕಬ್ಯಾಡ, ಶಕ್ತಿ ಉಳಿಸ್ಕೊ. ಹೊತ್ತು ಬಂದಾಗ ನಾನೇ ಹೇಳ್ತೀನಿ."

ಶಿವಲಿಂಗಮ್ಮ ಅವ್ವನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಹಲ್ಲುಕಚ್ಚಿ ನೋವು ನುಂಗತೊಡಗಿದಳು. ಸಿದ್ದಮ್ಮ ಒಳಗೊಳಗೇ ಅಳುತ್ತಾ ಸೊಂಟ ನೀವುತ್ತಲೇ ಇದ್ದಳು. ಬಿಸಿಲು ಕಿಟಕಿಯಿಂದ ಮಂಚಕ್ಕೆ ಬಂತು. ಡಾಕ್ಟರು ಈಗ ತಿಣುಕು ಎಂದಾಗ ಮಗಳು ಆಗದೆಂದು ತಲೆಯಾಡಿಸಿದಳು.

"ಆಗಕ್ಕಿಲ್ಲ ಕಣವ್ವಾ. ಬುಟ್ಬುಡು ನನ್ನ."

ಸಿದ್ದಮ್ಮ ಬಗ್ಗಿ ನೋಡಿದಳು. ಮಗುವಿನ ಕಪ್ಪನೆ ಕೂದಲು ಕಾಣುತ್ತಿತ್ತು.

"ಶಿವಿ, ಆಲ್‌ಮೋಸ್ಟ್!"

"ನಿಜವಾ?"

"ನಿನ್ನಾಣೆ!"

ಶಿವಲಿಂಗಮ್ಮ ನಂಬಿದಳು. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ತಿಣುಕಿದಳು. ಹೆಣ್ಣುಮಗು ವಾರ್ಡು ಹಾರಿಹೋಗುವಂತೆ ಅತ್ತಿತು.

ಸಂಜೆ ಮಗಳು ಮಗುವನ್ನು ತಬ್ಬಿಕೊಂಡು ಮೆಲ್ಲಗೆ ಕೇಳಿದಳು. "ಹೊಟ್ಟೆ ಹಸೀತೈತೆ ಕಣವ್ವಾ. ಗಂಜಿ ಆಯ್ತಾ?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಿದ್ದಮ್ಮ ನುಂಗಿಕೊಂಡಳು.

"ಇಲ್ಲ ಕಣೇ," ಎಂದಳು. "ಒಲೇನೇ ಹಚ್ಚಿಲ್ಲ."