ಹಾಲ್ಟ್ ಬಸ್ಸು ಹತ್ತದ ಮೇದಪ್ಪ

ಮೇದಪ್ಪ ಪುತ್ತೂರಿನ ಒಂದು ಖಾಸಗಿ ಬಸ್ ಕಂಪೆನಿಯಲ್ಲಿ ಕಂಡಕ್ಟರ್. ಬೆಳಿಗ್ಗೆ ಹೊರಟು, ಕಾಣಿಯೂರು ದಾಟಿ ಹೋಗಿ, ಸಂಜೆಯೊಳಗೆ ಪುತ್ತೂರಿಗೆ ಮರಳುವ ಬಸ್ಸಾದರೆ ಮಾತ್ರ ಹತ್ತುತ್ತಿದ್ದ. ಸುಬ್ರಹ್ಮಣ್ಯದಲ್ಲಿ ರಾತ್ರಿ ಹಾಲ್ಟ್ ಮಾಡುವ ಬಸ್ಸಿಗೆ ಹಾಕಿದರೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಅಲ್ಲಿ ಡ್ರೈವರ್, ಕಂಡಕ್ಟರ್, ಕ್ಲೀನರ್ ಮೂವರೂ ಒಂದೇ ಕೋಣೆಯಲ್ಲಿ ಮಲಗಬೇಕಿತ್ತು. ಮೂವತ್ತನಾಲ್ಕರ ಮೇದಪ್ಪನಿಗೆ ಈಗಲೂ ನಿದ್ದೆಯಲ್ಲಿ ಮೂತ್ರ ಹೋಗುತ್ತಿತ್ತು.

ಅದಕ್ಕೇ ಅವನು ಮದುವೆಯಾಗಲಿಲ್ಲ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದು, ಎಲ್ಲರಿಗಿಂತ ಮೊದಲೆದ್ದು ಚಾಪೆ ತೊಳೆಯುತ್ತಿದ್ದ. ಅಕ್ಕಪಕ್ಕದವರು ಅವನನ್ನು ಭಾರಿ ಶುಚಿಯ ಮನುಷ್ಯ ಎಂದುಕೊಂಡಿದ್ದರು.

ಅವನ ಅಕ್ಕ ಪೂವಕ್ಕನನ್ನು ಕೊಟ್ಟದ್ದು ಕಾಣಿಯೂರಿಗೆ. ಬಸ್ಸು ಬರುವ ಹೊತ್ತಿಗೆ ಆಕೆ ಆಗಾಗ ಮಾರ್ಗದ ಬದಿಗೆ ಬಂದು ನಿಲ್ಲುತ್ತಿದ್ದಳು.

"ಇವತ್ತು ಉಳಿಯುದಾ?"

"ಇನ್ನೊಮ್ಮೆ ಅಕ್ಕ. ಡ್ಯೂಟಿ ಉಂಟು."

ಹೀಗೆ ಹನ್ನೊಂದು ವರ್ಷ ಕಳೆಯಿತು. ತಾನು ಬಡವರ ಮನೆ ಸೇರಿದ್ದಕ್ಕೆ ತಮ್ಮನಿಗೆ ಅಸಡ್ಡೆ ಎಂದು ಪೂವಕ್ಕ ನಂಬಿಬಿಟ್ಟಿದ್ದಳು. ಬರಬರುತ್ತಾ ಮಾರ್ಗಕ್ಕೆ ಬರುವುದನ್ನೇ ನಿಲ್ಲಿಸಿದಳು. ಬಸ್ಸು ಅಲ್ಲಿ ನಿಂತಾಗಲೆಲ್ಲ ಮೇದಪ್ಪ ಹೊರಗೆ ನೋಡದೆ ಟಿಕೆಟ್ ಹರಿಯುತ್ತಿದ್ದ.

೧೯೬೪ರಲ್ಲಿ ಅವನಿಗೆ ಜ್ವರ ಬಂತು. ಮೂತ್ರ ಪರೀಕ್ಷೆ ಮಾಡಿದ ಪುತ್ತೂರಿನ ಡಾಕ್ಟರು, ನಿದ್ದೆಯಲ್ಲಿ ಮೂತ್ರ ಹೋಗುವುದುಂಟಾ ಎಂದು ಕೇಳಿದ್ದಕ್ಕೆ ಅವನು ಅತ್ತುಬಿಟ್ಟ. ಡಾಕ್ಟರು ಚೀಟಿ ಬರೆದು ಮಂಗಳೂರಿಗೆ ಕಳಿಸಿದರು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಈ ತೊಂದರೆಗೆ ಹೊಸ ಮಾತ್ರೆಯೊಂದನ್ನು ಪರೀಕ್ಷಿಸುತ್ತಿದ್ದರು.

"ಇದರಿಂದ ಗುಣ ಆಗ್ತದೆ ಅಂತ ನಾನು ಹೇಳುದಿಲ್ಲ. ಆಗ್ತದಾ ಅಂತ ನೋಡುದೇ ನಮ್ಮ ಕೆಲಸ," ಎಂದರು ಅಲ್ಲಿನ ಡಾಕ್ಟರು. "ಆರು ವಾರ ಒಂದು ಬಾಟಲಿ, ಮತ್ತೆ ಆರು ವಾರ ಇನ್ನೊಂದು. ಒಂದರಲ್ಲಿ ಮಾತ್ರ ಮದ್ದು ಉಂಟು, ಇನ್ನೊಂದರಲ್ಲಿ ಬರೀ ಹಿಟ್ಟಿನ ಮಾತ್ರೆ. ಯಾವುದರಲ್ಲಿ ಅಂತ ನನಗೂ ಗೊತ್ತಿಲ್ಲ. ಒಪ್ಪಿಗೆಯಾ?"

ಮೇದಪ್ಪ ತಲೆಯಾಡಿಸಿದ. ವರಾಂಡದ ಬೆಂಚಿನಲ್ಲಿ ತಾಯಂದಿರ ಜೊತೆ ಮಕ್ಕಳು ಕೂತಿದ್ದರು. ಮೂಲೆಯಲ್ಲಿ ಅವನದೇ ಪ್ರಾಯದ ಇಬ್ಬರು ಗಂಡಸರಿದ್ದರು. ತನ್ನಂಥವರು ಬೇರೆಯೂ ಇದ್ದಾರೆಂದು ಅವನಿಗೆ ಗೊತ್ತಾದದ್ದು ಅಂದೇ. ಆದರೆ ಅಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮೊದಲ ಬಾಟಲಿ ಮುಗಿದರೂ ಚಾಪೆ ತೊಳೆಯುವುದು ತಪ್ಪಲಿಲ್ಲ. ಎರಡನೆಯದನ್ನು ಶುರು ಮಾಡಿದ ಐದನೆಯ ದಿನ ಎದ್ದು ನೋಡಿದರೆ ಚಾಪೆ ಒಣಗಿತ್ತು. ಕೈಯಿಂದ ಮುಟ್ಟಿ ಮುಟ್ಟಿ ನೋಡಿದ. ಮರುದಿನವೂ ಹಾಗೆಯೇ. ಹೇಳಿಕೊಳ್ಳೋಣವೆಂದರೆ ಯಾರೂ ಇರಲಿಲ್ಲ. ಎರಡು ವಾರ ಕಾದು, ರಜೆ ಹಾಕಿ ಕಾಣಿಯೂರಿನಲ್ಲಿ ಇಳಿದುಕೊಂಡ.

ಪೂವಕ್ಕ ಬಾಗಿಲಲ್ಲೇ ನಿಂತಳು. "ಎಂತ, ಬಸ್ಸು ಹಾಳಾಯಿತಾ?"

"ಇಲ್ಲ. ಉಳಿಯುದಕ್ಕೆ ಬಂದೆ."

ಎರಡು ದಿನ ಉಳಿದ. ಪೂವಕ್ಕ ಹೆಚ್ಚು ಮಾತಾಡಲಿಲ್ಲ. ಬಡಿಸಿದ್ದು ಮಾತ್ರ ಬೇಡವೆಂದರೂ ಬಿಡದೆ.

ಹಾಲ್ಟ್ ಬಸ್ಸಿಗೂ ಕೇಳಿಕೊಂಡು ಹೋದ. "ನಿನಗೆ ಎಂತ ಆಯಿತು ಮಾರಾಯ!" ಎಂದು ಡ್ರೈವರ್ ಸಾಹುಲ್ ಹಮೀದ್ ನಗುತ್ತಾ ಚಾಪೆ ಸರಿಸಿ ಜಾಗ ಮಾಡಿಕೊಟ್ಟ.

ಬಾಟಲಿ ಖಾಲಿಯಾದ ಮೇಲೆ ಮೇದಪ್ಪ ಮಂಗಳೂರಿಗೆ ಹೋಗಿ ಇನ್ನೊಂದು ಕೇಳಿದ. ಪರೀಕ್ಷೆಗೆಂದು ಬಂದ ಮಾತ್ರೆ ಅಷ್ಟೇ ಎಂದರು ಡಾಕ್ಟರು. ಅವರ ಮುಖವೂ ಸಪ್ಪಗಾಗಿತ್ತು. "ಮಾತ್ರೆ ಕೆಲಸ ಮಾಡ್ತದೆ ಅಂತ ನಿಮ್ಮಿಂದ ನಮಗೆ ಗೊತ್ತಾಯಿತು. ಆದರೆ ಅದು ಅಂಗಡಿಗೆ ಬರುದಕ್ಕೆ ಸಮಯ ಬೇಕು."

ಹತ್ತು ದಿನದಲ್ಲಿ ಎಲ್ಲ ಮೊದಲಿನಂತಾಯಿತು. ಮೇದಪ್ಪ ಹಳೆಯ ಬಸ್ಸಿಗೇ ಮರಳಿದ. ಏಕೆಂದು ಸಾಹುಲ್ ಹಮೀದ್ ಕೇಳಿದ್ದಕ್ಕೆ ಹಳೆಯ ನೆಪವೊಂದನ್ನು ಹೇಳಿದ. ಅವನು ಮತ್ತೆ ಕೇಳಲಿಲ್ಲ.

ಪೂವಕ್ಕ ಮಾತ್ರ ಪುನಃ ಮಾರ್ಗಕ್ಕೆ ಬರತೊಡಗಿದ್ದಳು. "ದೀಪಾವಳಿಗೆ ಬರ್ತಿಯಲ್ವಾ?" ಇದ್ದದ್ದನ್ನು ಪತ್ರದಲ್ಲಿ ಬರೆಯೋಣವೆಂದರೆ ಅವಳಿಗೆ ಓದಲು ಬಾರದು, ಭಾವನೇ ಓದಿ ಹೇಳಬೇಕು. ಕೊನೆಗೆ ಒಂದು ಮಧ್ಯಾಹ್ನ ಟಿಕೆಟ್ ಪುಸ್ತಕವನ್ನು ಕ್ಲೀನರನ ಕೈಗೆ ಒಪ್ಪಿಸಿ ಕಾಣಿಯೂರಿನಲ್ಲಿ ಇಳಿದ. ಬಸ್ಸು ತಿರುಗಿ ಬರಲು ಒಂದು ಗಂಟೆಯಿತ್ತು. ಅಕ್ಕನ ಮನೆಯ ಕೊಟ್ಟಿಗೆಯ ಹಿಂದೆ ನಿಂತು, ನೆಲ ನೋಡುತ್ತಾ ಅವಳಿಗೆ ಎಲ್ಲವನ್ನೂ ಹೇಳಿದ.

ಪೂವಕ್ಕ ಸಿಟ್ಟಿನಿಂದ ಕೇಳಿದಳು: "ಸಣ್ಣದಿರುವಾಗ ಅಪ್ಪನಿಗೆ ಗೊತ್ತಾಗದ ಹಾಗೆ ನಿನ್ನ ಚಾಪೆ ಒಗೆದದ್ದು ಯಾರು?"

"ನೀನು."

"ಮತ್ತೆ ನನಗೆ ಹೇಳುದಕ್ಕೆ ಎಂತ ನಾಚಿಕೆ? ಹನ್ನೊಂದು ವರ್ಷ! ನಾನು ಎಂತೆಲ್ಲ ಎಣಿಸಿದೆ ಗೊತ್ತುಂಟಾ?" ಹೇಳುತ್ತಾ ಹೇಳುತ್ತಾ ಅವಳಿಗೇ ಅಳು ಬಂತು.

ದೀಪಾವಳಿಗೆ ಮೇದಪ್ಪ ಹೋದ. ಪೂವಕ್ಕ ಅವನಿಗೆ ಬಚ್ಚಲಿನ ಪಕ್ಕದ ಕೋಣೆ ಬಿಟ್ಟುಕೊಟ್ಟಿದ್ದಳು. ಏಕೆಂದು ಮನೆಯವರಿಗೆ ಹೇಳಲಿಲ್ಲ.

ನಾಲ್ಕೈದು ವರ್ಷದ ಮೇಲೆ ಆ ಮಾತ್ರೆ ಪೇಟೆಯ ಅಂಗಡಿಗೆ ಬಂತು. ತೆಗೆದುಕೊಂಡಷ್ಟು ದಿನ ಗುಣ ಕೊಟ್ಟಿತು. ಆಗ ಕೆಲವರು ಹೆಣ್ಣು ತೋರಿಸುತ್ತೇವೆಂದರು. "ಇನ್ನು ಬೇಡ," ಎಂದ ಮೇದಪ್ಪ. ಒಬ್ಬನೇ ಇರುವುದು ಅಷ್ಟರಲ್ಲಿ ಅವನಿಗೆ ರೂಢಿಯಾಗಿಹೋಗಿತ್ತು. ವರ್ಷಕ್ಕೆರಡು ಸಲ ಕಾಣಿಯೂರಿಗೆ ಹೋಗುತ್ತಿದ್ದ, ಉಳಿದ ದಿನಗಳೆಲ್ಲ ಪುತ್ತೂರಿನ ಆ ಕೋಣೆಯಲ್ಲೇ ಕಳೆದವು.